ಟೈಟೇನಿಯಂ ರೋಡ್ ಬೈಕ್: ಒಮ್ಮೆ ಕೊಂಡರೆ ಜೀವಮಾನವಿಡೀ ಚಿಂತೆಯಿಲ್ಲವೇ?

ಕಾರ್ಬನ್ ಫೈಬರ್‌ನ ಸೈಕಲ್ಲಿನ (ರೋಡ್ ಬೈಕಿನ) ಕುಲುಕಾಟ ಸಾಕಾಗಿದೆ, ವರ್ಷಗಟ್ಟಲೆ ಹಣ ಕೂಡಿಟ್ಟಿದ್ದೇನೆ, ಮೇಲ್ದರ್ಜೆಯ ಟೈಟೇನಿಯಂ ಬೈಕ್ ಕೊಂಡರೆ ಸವಾರಿ ಮೃದುವಾಗಿ, ಆಮೇಲೆ ಜೀವಮಾನವಿಡೀ ನಿಶ್ಚಿಂತೆಯಿಂದ ಇರಬಹುದೇ ಎಂದು ನೀವು ಕೇಳಿದ್ದೀರಿ. ಎಂಟು ವರ್ಷಗಳ ಹಿಂದೆ ನಾನು ಹೆಚ್ಚುಕಡಿಮೆ ಇದೇ ಮಾತುಗಳಲ್ಲಿ ಒಬ್ಬ ಹಿರಿಯ ಮೆಕ್ಯಾನಿಕ್ ಅವರನ್ನು ಕೇಳಿದ್ದೆ. "ಫ್ರೇಮಿಗೆ ತುಕ್ಕು ಹಿಡಿಯುವುದಿಲ್ಲ, ಆದರೆ ಅದರೊಳಗೆ ಹಾಕಿದ್ದಕ್ಕೆ ಹಿಡಿಯುತ್ತದೆ" ಎಂದು ಅವರು ಹೇಳಿದರು. ಆ ಮಾತಿನ ಮೊದಲರ್ಧ ಮಾತ್ರ ನನ್ನ ಕಿವಿಗೆ ಬಿತ್ತು. ಉಳಿದರ್ಧ ಅರ್ಥವಾಗುವ ಹೊತ್ತಿಗೆ ಫ್ರೇಮ್ ಬಿರುಕು ಬಿಟ್ಟಿತ್ತು.

ನಾನು ಕೊಂಡದ್ದು ಬಣ್ಣ ಬಳಿಯದ, ಮಂದವಾಗಿ ಹೊಳೆಯುವ ಬೂದುಬಣ್ಣದ ಫ್ರೇಮ್. ಅದರ ಕೊಳವೆಗಳು ಈ ವಲಯದಲ್ಲಿ ಎಲ್ಲರೂ 3-2.5 ಎಂದು ಕರೆಯುವ ಮಿಶ್ರಲೋಹದವು. ಟೈಟೇನಿಯಂಗೆ ಶೇಕಡಾ 3ರಷ್ಟು ಅಲ್ಯೂಮಿನಿಯಂ, 2.5ರಷ್ಟು ವನೇಡಿಯಂ ಬೆರೆಸಿದ ಈ ಲೋಹ ವಿಮಾನಗಳ ಹೈಡ್ರಾಲಿಕ್ ಕೊಳವೆಗಳಿಂದ ಸೈಕಲ್ಲಿಗೆ ಬಂದದ್ದು. ಮೇಲೆ ಸಣ್ಣ ಗೀರು ಬಿದ್ದರೆ ಪಾತ್ರೆ ಉಜ್ಜುವ ನಾರಿನಿಂದ ತಿಕ್ಕಿ ಅಳಿಸಬಹುದು, ಮಳೆಯಲ್ಲಿ ನೆನೆದರೆ ಒರೆಸಿಟ್ಟರೆ ಸಾಕು. ಇಂಥ ಲೋಹಕ್ಕೆ ಆರೈಕೆಯೇ ಬೇಡ ಎಂಬ ನಂಬಿಕೆ ನನ್ನಲ್ಲಿ ಬೇರೂರಿದ್ದು ಹೀಗೆ. ಹಳೆಯ ಬೈಕಿನಲ್ಲಿದ್ದ 27.2 ಮಿ.ಮೀ. ವ್ಯಾಸದ ಕಪ್ಪು ಅಲ್ಯೂಮಿನಿಯಂ ಸೀಟ್ ಪೋಸ್ಟನ್ನು (ಸೀಟನ್ನು ಹೊತ್ತು ಫ್ರೇಮಿನೊಳಗೆ ಇಳಿಯುವ ಕೊಳವೆಯನ್ನು) ತೆಗೆದು, ಬಟ್ಟೆಯಿಂದ ಒರೆಸಿ, ಏನನ್ನೂ ಸವರದೆ ಒಣದಾಗಿಯೇ ಹೊಸ ಫ್ರೇಮಿನೊಳಗೆ ಇಳಿಸಿ ಬಿಗಿದೆ.

ನನ್ನ ತಪ್ಪು ಅಷ್ಟೇ. ಅದನ್ನು ನಾನು ಬಿಡಿಸಿ ಹೇಳಲೇಬೇಕು, ಏಕೆಂದರೆ ಮಾರುವವರು ಯಾರೂ ಇದನ್ನು ಹೇಳುವುದಿಲ್ಲ. ಎರಡು ಬೇರೆ ಬೇರೆ ಲೋಹಗಳು ಒಂದಕ್ಕೊಂದು ತಾಗಿಕೊಂಡಿರುವಾಗ ನಡುವೆ ಉಪ್ಪುನೀರು ಸೇರಿದರೆ ಅಲ್ಲಿ ಸಣ್ಣದೊಂದು ಬ್ಯಾಟರಿಯೇ ಏರ್ಪಡುತ್ತದೆ. ಟೈಟೇನಿಯಂ ತನ್ನ ಮೇಲಿನ ತೆಳ್ಳನೆಯ ಆಕ್ಸೈಡ್ ಪದರದ ಮರೆಯಲ್ಲಿ ಕ್ಷೇಮವಾಗಿರುತ್ತದೆ, ಸವೆಯುವುದೆಲ್ಲ ಅಲ್ಯೂಮಿನಿಯಂ. ಪೋಸ್ಟಿನ ಮೇಲಿನ ಕಪ್ಪು ಅನೋಡೈಸ್ ಲೇಪ ಸ್ವಲ್ಪ ಕಾಲ ಅದನ್ನು ಕಾಪಾಡುತ್ತದೆ, ಆದರೆ ಎತ್ತರ ಸರಿಪಡಿಸಲು ಪೋಸ್ಟನ್ನು ನಾಲ್ಕು ಸಲ ಮೇಲೆ ಕೆಳಗೆ ತಿರುಗಿಸಿದರೆ ಲೇಪ ಗೀರಿಹೋಗಿ ಒಳಗಿನ ಲೋಹ ಬಯಲಾಗುತ್ತದೆ. ಅಲ್ಯೂಮಿನಿಯಂ ಸವೆದು ಉಂಟಾಗುವ ಬಿಳಿ ಪುಡಿಗೆ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಕು. ಪೋಸ್ಟಿಗೂ ಕೊಳವೆಗೂ ನಡುವೆ ಇರುವುದೋ ಕೂದಲೆಳೆಯಷ್ಟು ಸಂದಿ, ಹಾಗಾಗಿ ಆ ಪುಡಿ ಸುತ್ತಲೂ ಬೆಣೆ ಹೊಡೆದ ಹಾಗೆ ಬಿಗಿದುಕೊಳ್ಳುತ್ತದೆ. ಉಪ್ಪುನೀರು ಎಲ್ಲಿಂದ ಬರುತ್ತದೆ ಎಂದು ನೀವು ಕೇಳಬಹುದು. ಮನೆಯೊಳಗೆ ಟ್ರೈನರ್ (ನಿಂತಲ್ಲೇ ತುಳಿಯಲು ಬೈಕನ್ನು ಕೂರಿಸುವ ಸಾಧನ) ಮೇಲೆ ಗಂಟೆಗಟ್ಟಲೆ ತುಳಿಯುವಾಗ ಮೈಯಿಂದ ಇಳಿಯುವ ಬೆವರು ಸಾಲದೇ? ಸಾಲದೆಂಬಂತೆ ನನ್ನ ಫ್ರೇಮಿನಲ್ಲಿ ಪೋಸ್ಟನ್ನು ಬಿಗಿದು ಹಿಡಿಯುವ ಸೀಟ್ ಕ್ಲ್ಯಾಂಪಿನ ಕೆಳಗೆ ಕೊಳವೆಯಲ್ಲಿರುವ ಸೀಳು ಹಿಂದಕ್ಕೆ ಮುಖ ಮಾಡಿತ್ತು. ಹಿಂದಿನ ಚಕ್ರ ಎರಚುವ ಕೊಚ್ಚೆನೀರು ನೇರವಾಗಿ ಆ ಸೀಳಿನೊಳಗೇ ಹೋಗುತ್ತಿತ್ತು.

ಎರಡನೆಯ ವರ್ಷದಲ್ಲಿ ತುಳಿದಾಗಲೆಲ್ಲ ಕಿರಕಿರ ಸದ್ದು ಕೇಳಿಸತೊಡಗಿತು. ಬಾಟಮ್ ಬ್ರಾಕೆಟ್ (ಪೆಡಲ್ ತೋಳುಗಳ ಅಕ್ಷ ತಿರುಗುವ ಬೇರಿಂಗ್ ಭಾಗ) ಇರಬೇಕೆಂದುಕೊಂಡು ಅದನ್ನು ಬಿಚ್ಚಿ ಜೋಡಿಸಿದೆ, ಸದ್ದು ಹೋಗಲಿಲ್ಲ. ಕೆಲವು ತಿಂಗಳ ನಂತರ ಅದು ತಾನಾಗಿಯೇ ನಿಂತುಹೋದಾಗ ನನಗೆ ಸಮಾಧಾನವಾಯಿತು. ಸದ್ದು ನಿಂತದ್ದು ಅಲುಗಾಡುತ್ತಿದ್ದ ಪೋಸ್ಟ್ ಫ್ರೇಮಿಗೆ ಕಚ್ಚಿಕೊಂಡಿದ್ದರಿಂದ ಎಂಬುದು ತಿಳಿದದ್ದು ಮೂರನೆಯ ವರ್ಷ, ತೆಳು ಅಟ್ಟೆಯ ಹೊಸ ಶೂ ಕೊಂಡು ಸೀಟನ್ನು 4 ಮಿ.ಮೀ. ಇಳಿಸಲು ಹೋದಾಗ. ಕ್ಲ್ಯಾಂಪ್ ಸಡಿಲಿಸಿ ಸೀಟನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿದೆ. ಇಡೀ ಬೈಕ್ ತಿರುಗಿತೇ ಹೊರತು ಪೋಸ್ಟ್ ಕದಲಲಿಲ್ಲ. ಕ್ಲ್ಯಾಂಪಿನ ಅಂಚಿನಲ್ಲಿ ಉಪ್ಪು ಮೂಡಿದಂತೆ ಬಿಳಿಯ ಗೆರೆಯೊಂದು ಕಾಣಿಸುತ್ತಿತ್ತು.

ಆಗಲೂ ಫ್ರೇಮ್ ಕೆಟ್ಟಿರಲಿಲ್ಲ. ಕೆಡಿಸಿದ್ದು ನನ್ನ ಅವಸರ. ಜಂಗು ಬಿಡಿಸುವ ಎಣ್ಣೆ ಬಿಟ್ಟು ಎರಡು ದಿನ ಕಾದೆ. ಆಮೇಲೆ, ಸಿಕ್ಕಿಕೊಂಡದ್ದನ್ನು ಬಿಸಿ ಮಾಡಿ ಬಿಡಿಸಬೇಕೆಂಬ ಸಾಮಾನ್ಯ ತಿಳಿವಳಿಕೆಯಂತೆ ಬಿಸಿಗಾಳಿಯ ಗನ್ ಹಿಡಿದೆ. ಅಲ್ಯೂಮಿನಿಯಂ ಬಿಸಿಗೆ ಹಿಗ್ಗುವುದು ಟೈಟೇನಿಯಂಗಿಂತ ಎರಡು ಪಟ್ಟಿಗೂ ಹೆಚ್ಚು. ಆದ್ದರಿಂದ ಒಳಗಿನ ಪೋಸ್ಟ್ ಹೊರಗಿನ ಕೊಳವೆಯನ್ನು ಇನ್ನಷ್ಟು ಒತ್ತಿಕೊಂಡಿತು. ಮಾಡಬೇಕಾಗಿದ್ದುದು ಅದಕ್ಕೆ ತದ್ವಿರುದ್ಧ: ಒಣ ಮಂಜುಗಡ್ಡೆಯಿಂದ (ಡ್ರೈ ಐಸ್) ಪೋಸ್ಟನ್ನು ತಣಿಸಿದರೆ ಅದು ಕೊಳವೆಗಿಂತ ಹೆಚ್ಚು ಕುಗ್ಗಿ ಹಿಡಿತ ಸಡಿಲವಾಗುತ್ತದೆ. ಕಾಸ್ಟಿಕ್ ಸೋಡಾ ದ್ರಾವಣದಿಂದ ಅಲ್ಯೂಮಿನಿಯಂ ಅನ್ನು ಕರಗಿಸಿ ತೆಗೆಯುವ ವಿಧಾನವೂ ಇದೆ, ಏಕೆಂದರೆ ಅದು ಟೈಟೇನಿಯಂ ಅನ್ನು ಮುಟ್ಟುವುದಿಲ್ಲ. ಆದರೆ ಆ ದ್ರಾವಣ ಚರ್ಮವನ್ನೂ ಕಣ್ಣನ್ನೂ ಸುಡುತ್ತದೆ, ಹೊತ್ತಿಕೊಳ್ಳುವ ಹೈಡ್ರೋಜನ್ ಅನಿಲವನ್ನು ಹೊರಬಿಡುತ್ತದೆ, ಆದ್ದರಿಂದ ಅದು ಅನುಭವಿಗಳ ಕೈಕೆಲಸವೇ ಹೊರತು ಮನೆಯಲ್ಲಿ ಮಾಡಿ ನೋಡುವಂಥದ್ದಲ್ಲ.

ನಾನು ಪೋಸ್ಟನ್ನು ಕ್ಲ್ಯಾಂಪಿನ ಮಟ್ಟಕ್ಕೆ ಕತ್ತರಿಸಿ, ಹ್ಯಾಕ್‌ಸಾ ಬ್ಲೇಡಿನ ಒಂದು ತುದಿಗೆ ಬಟ್ಟೆ ಸುತ್ತಿ ಹಿಡಿದು, ಅದನ್ನು ಒಳಗಿನಿಂದ ಉದ್ದಕ್ಕೆ ಸೀಳತೊಡಗಿದೆ. ಅಲ್ಯೂಮಿನಿಯಂ ಮೆತ್ತಗೆ ಪುಡಿಪುಡಿಯಾಗಿ ಉದುರುತ್ತಿತ್ತು. ಒಂದು ಹಂತದಲ್ಲಿ ಬ್ಲೇಡಿನ ಸದ್ದು ಬದಲಾಗಿ ಕೀಚಲಾಯಿತು, ಕೈಗೆ ಸಿಗುವ ತಡೆಯೂ ಬೇರೆಯಾಯಿತು. ಆ ಕ್ಷಣ ಬ್ಲೇಡ್ ಟೈಟೇನಿಯಂ ಮುಟ್ಟಿತ್ತು. ನಾನು ನಿಲ್ಲಿಸುವಷ್ಟರಲ್ಲಿ ಸೀಟ್ ಟ್ಯೂಬಿನ (ಪೋಸ್ಟ್ ಇಳಿದಿದ್ದ ಫ್ರೇಮ್ ಕೊಳವೆಯ) ಒಳಗೋಡೆಯಲ್ಲಿ ಎರಡು ಸೆಂಟಿಮೀಟರ್ ಉದ್ದದ ಗೀರು ಬಿದ್ದಿತ್ತು. ಪೋಸ್ಟ್ ಹೊರಬಂದ ಸಂತೋಷದಲ್ಲಿ ಆ ಗೀರನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಟೈಟೇನಿಯಂ ಬಾಗಿ ಬಾಗಿ ಸುಲಭವಾಗಿ ದಣಿಯದ ಲೋಹವೆಂಬುದು ನಿಜವೇ, ಆದರೆ ಚೂಪಾದ ಗೀರಿನ ತುದಿಯಲ್ಲಿ ಒತ್ತಡವೆಲ್ಲ ಬಂದು ಸೇರಿದಾಗ ಅದರ ಸಹನೆ ಕಡಿಮೆ. ಪೋಸ್ಟಿನ ಸುತ್ತ ಕ್ಲ್ಯಾಂಪ್ ಬಿಗಿದು, ಮೇಲೆ ಸವಾರನ ಭಾರ ಬೀಳುವ ಆ ಜಾಗವಂತೂ ಫ್ರೇಮಿನಲ್ಲಿ ಅತಿ ಹೆಚ್ಚು ಒತ್ತಡ ತಿನ್ನುವ ಜಾಗಗಳಲ್ಲಿ ಒಂದು. ಹತ್ತು ತಿಂಗಳ ನಂತರ ಬೈಕ್ ತೊಳೆಯುವಾಗ ಕ್ಲ್ಯಾಂಪಿನ ಕೆಳಗಿನ ಸೀಳಿನ ಕೆಳತುದಿಯಿಂದ ಪಕ್ಕಕ್ಕೆ ಹೋದ ಕೂದಲಿನಂಥ ಗೆರೆಯೊಂದು ಬೆರಳಿಗೆ ತಾಗಿತು. ಒರೆಸಿದರೆ ಹೋಗಲಿಲ್ಲ, ಅದು ಬಿರುಕಾಗಿತ್ತು.

ಫ್ರೇಮಿಗೆ ಜೀವಮಾನದ ವಾರಂಟಿ ಇತ್ತು, ಗರಗಸದ ಗೀರಿಗೆ ಇರಲಿಲ್ಲ, ಅದು ನ್ಯಾಯವೂ ಹೌದು. ಉಕ್ಕಿನ ಫ್ರೇಮ್ ಆಗಿದ್ದರೆ ನುರಿತ ಬೆಸುಗೆಗಾರರು ಯಾರಾದರೂ ಸರಿಪಡಿಸುತ್ತಿದ್ದರು. ಟೈಟೇನಿಯಂ ಬೆಸುಗೆ ಹಾಕುವಾಗ ಹೊರಗೂ ಕೊಳವೆಯ ಒಳಗೂ ಆರ್ಗಾನ್ ಅನಿಲ ತುಂಬಿರಬೇಕು, ಏಕೆಂದರೆ ಕಾದ ಲೋಹಕ್ಕೆ ಗಾಳಿ ತಗುಲಿದರೆ ಆಮ್ಲಜನಕವನ್ನು ಹೀರಿಕೊಂಡು ಬೆಸುಗೆ ಗಡುಸಾಗಿ ಒಡೆಯುವಂತಾಗುತ್ತದೆ. ಬೆಸುಗೆಯ ಬಣ್ಣವೇ ಅದನ್ನು ಹೇಳಿಬಿಡುತ್ತದೆ: ಬೆಳ್ಳಿಯಂತೆ ಹೊಳೆದರೆ ಶುದ್ಧ, ನೀಲಿಗೆ ತಿರುಗಿದರೆ ಸಂಶಯ, ಬೂದಿಯಂತೆ ಬೆಳ್ಳಗಾದರೆ ಕೆಲಸ ಕೆಟ್ಟಂತೆ. ಆ ಕೆಲಸ ಬಲ್ಲವರನ್ನು ಹುಡುಕಿ, ಸೀಟ್ ಟ್ಯೂಬಿನ ಮೇಲ್ಭಾಗವನ್ನು ಕತ್ತರಿಸಿ ಬೇರೆಯದನ್ನು ಕೂಡಿಸಲು ಐದು ತಿಂಗಳು ಹಿಡಿಯಿತು. ತಗುಲಿದ ಖರ್ಚಿನಲ್ಲಿ ಒಳ್ಳೆಯ ಉಕ್ಕಿನ ಬೈಕೊಂದು ಬರುತ್ತಿತ್ತು. ಮೊದಲೇ ಸವರಬೇಕಾಗಿದ್ದುದು ಲೋಹಗಳು ಕಚ್ಚಿಕೊಳ್ಳದಂತೆ ತಡೆಯುವ, ಒಂದು ಚಮಚದಷ್ಟು ಆಂಟಿ-ಸೀಜ್ ಪೇಸ್ಟ್.

ಇನ್ನು ಮೃದುವಾದ ಸವಾರಿಯ ವಿಷಯ. ನಿಮ್ಮ ಪ್ರಶ್ನೆಯ ಈ ಭಾಗವನ್ನು ನಾನು ಒಪ್ಪುವುದಿಲ್ಲ. ಟೈಟೇನಿಯಂನ ಬಿಗಿತ ಉಕ್ಕಿನ ಅರ್ಧದಷ್ಟು ಎಂಬುದನ್ನೇ ಹಿಡಿದುಕೊಂಡು ಅದರ ಫ್ರೇಮ್ ಮೃದು ಎನ್ನುವವರಿದ್ದಾರೆ, ಆದರೆ ಕೊಳವೆಯ ಬಿಗಿತ ವ್ಯಾಸದೊಂದಿಗೆ ಹೆಚ್ಚುಕಡಿಮೆ ಘನದ (ಮೂರನೆಯ ಘಾತದ) ಲೆಕ್ಕದಲ್ಲಿ ಏರುತ್ತದೆ. 1970ರ ದಶಕದಲ್ಲಿ ಸಪೂರ ಕೊಳವೆಗಳಿಂದ ಮಾಡಿದ ಟೈಟೇನಿಯಂ ಫ್ರೇಮ್‌ಗಳು ನಿಜಕ್ಕೂ ಬಳುಕುತ್ತಿದ್ದವು. ಇಂದಿನ ದಪ್ಪ ಕೊಳವೆಯ ಫ್ರೇಮ್ ಬೇಕಾದರೆ ಬಂಡೆಯಂತೆ ಗಟ್ಟಿಯಾಗಿರಬಲ್ಲದು. ಮೇಲಾಗಿ ಈಗಿನ ಬಹುತೇಕ ಎಲ್ಲ ಟೈಟೇನಿಯಂ ರೋಡ್ ಬೈಕ್‌ಗಳಲ್ಲಿ ಮುಂದಿನ ಚಕ್ರವನ್ನು ಹಿಡಿಯುವ ಕವಲು, ಅಂದರೆ ಫೋರ್ಕ್, ಕಾರ್ಬನ್‌ನದೇ. ಅಂದರೆ ನಿಮ್ಮ ಅಂಗೈಗೆ ರಸ್ತೆಯ ಪೆಟ್ಟು ತಲುಪುವುದು ನೀವು ಬಿಟ್ಟುಬರುತ್ತಿರುವ ಕಾರ್ಬನ್ ಮೂಲಕವೇ. ನನ್ನ ಫ್ರೇಮ್ ಬಂದ ಹೊಸತರಲ್ಲಿ ನಾನು ಕೊಂಡಾಡಿದ ಮೃದುತ್ವ ಬಹುಪಾಲು ಅದರೊಂದಿಗೆ ಬದಲಾಯಿಸಿದ ಟೈರ್‌ಗಳದ್ದು. 25 ಮಿ.ಮೀ. ಟೈರಿಗೆ 100 ಪಿ.ಎಸ್.ಐ. ಗಾಳಿ ತುಂಬಿ ಓಡಿಸುತ್ತಿದ್ದವನು 32 ಮಿ.ಮೀ. ಟೈರಿಗೆ 60 ತುಂಬಿದ್ದೆ. ಫ್ರೇಮ್ ರಿಪೇರಿಗೆ ಹೋಗಿದ್ದ ಐದು ತಿಂಗಳು ಅದೇ ಚಕ್ರಗಳನ್ನು ಒಂದು ಸಾಧಾರಣ ಅಲ್ಯೂಮಿನಿಯಂ ಬೈಕಿಗೆ ಹಾಕಿ ಓಡಿಸಿದೆ, ಬೆನ್ನಿಗೆ ವ್ಯತ್ಯಾಸ ತಿಳಿಯಲಿಲ್ಲ. ಆದ್ದರಿಂದ ಮೊದಲು ನಿಮ್ಮ ಈಗಿನ ಬೈಕಿನಲ್ಲಿ ಹಿಡಿಸುವಷ್ಟು ಅಗಲದ ಟೈರ್ ಹಾಕಿಸಿ, ನಿಮ್ಮ ಮೈಯಳತೆಗೆ ಸೀಟು, ಹ್ಯಾಂಡಲ್ ಹೊಂದಿಸಿಕೊಳ್ಳಿ. ಅಷ್ಟಕ್ಕೇ ಕುಲುಕಾಟ ಹೋದರೆ ನಿಮಗೆ ಬೇಕಾಗಿದ್ದುದು ಬೇರೆ ಲೋಹವಲ್ಲ. ಹಗುರವೇ ಬೇಕಾಗಿದ್ದರೆ ಕಾರ್ಬನ್ ಬಿಡಬೇಡಿ, ನನ್ನ ಫ್ರೇಮ್ 1,400 ಗ್ರಾಂ ತೂಗುತ್ತದೆ, ಉತ್ತಮ ಕಾರ್ಬನ್ ಫ್ರೇಮ್ 900ರೊಳಗೇ ಮುಗಿಯುತ್ತದೆ.

ಇಷ್ಟಾಗಿಯೂ ನಾನು ಈ ಬೈಕನ್ನು ಮಾರುವುದಿಲ್ಲ, ಮತ್ತೆ ಕೊಳ್ಳುವುದಾದರೂ ಟೈಟೇನಿಯಂ ಅನ್ನೇ ಕೊಳ್ಳುತ್ತೇನೆ. ಬಿದ್ದರೂ ಒಳಗೆ ಏನಾಗಿದೆಯೋ ಎಂಬ ಭಯವಿಲ್ಲದೆ ಎದ್ದು ಓಡಿಸಬಹುದಾದ, ಹತ್ತು ವರ್ಷದ ನಂತರವೂ ಬಿಚ್ಚಿ ಜೋಡಿಸಬಹುದಾದ ವಸ್ತು ನನಗಿಷ್ಟ. ಆದರೆ ಈಗ ಮೂರು ತಿಂಗಳಿಗೊಮ್ಮೆ ಪೋಸ್ಟನ್ನು ಹೊರತೆಗೆದು ಒರೆಸಿ, ತಾಮ್ರದ ಕಣಗಳಿರುವ ಆಂಟಿ-ಸೀಜ್ ಪೇಸ್ಟನ್ನು ಸವರಿ ಮರಳಿ ಇಳಿಸುತ್ತೇನೆ. ಬಾಟಮ್ ಬ್ರಾಕೆಟಿನ ಅಲ್ಯೂಮಿನಿಯಂ ಕಪ್‌ಗಳಿಗೂ ಅದೇ ಪೇಸ್ಟ್. ಟೈಟೇನಿಯಂ ಬೋಲ್ಟ್ ಟೈಟೇನಿಯಂ ತಿರುಪಿನೊಳಗೆ ಕಚ್ಚಿಕೊಳ್ಳುವ ಸ್ವಭಾವದ್ದಾದ್ದರಿಂದ ಅದಕ್ಕೂ ತಪ್ಪಿಸುವುದಿಲ್ಲ. ನಿಮ್ಮ ಪೋಸ್ಟ್ ಕಾರ್ಬನ್‌ನದಾದರೆ ಅದಕ್ಕೆ ಈ ಪೇಸ್ಟ್ ಬೇಡ, ಕಾರ್ಬನ್‌ಗೆಂದೇ ಬರುವ ತರಿತರಿಯಾದ ಪೇಸ್ಟ್ ಬಳಸಿ.

ಹೊಸದರ ಬದಲು ಹಳೆಯ ಮೇಲ್ದರ್ಜೆಯ ಫ್ರೇಮ್ ಸಿಕ್ಕರೂ ಆದೀತು ಎಂದು ನೀವು ಕೊನೆಯಲ್ಲಿ ಬರೆದಿದ್ದೀರಿ. ಆದೀತು, ಆದರೆ ನೋಡಲು ಹೋಗುವಾಗ ಅಲೆನ್ ಕೀ ಒಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಬೆಸುಗೆಯ ಹೊಳಪು, ಬಿಡಿಭಾಗಗಳ ದರ್ಜೆ ನೋಡುವ ಮೊದಲು ಮಾಲೀಕರ ಒಪ್ಪಿಗೆ ಕೇಳಿ ಸೀಟ್ ಕ್ಲ್ಯಾಂಪ್ ಸಡಿಲಿಸಿ, ಪೋಸ್ಟನ್ನು ತಿರುಗಿಸಿ ಪೂರ್ತಿ ಹೊರತೆಗೆಯಿರಿ, ಟಾರ್ಚ್ ಬಿಟ್ಟು ಕೊಳವೆಯ ಒಳಗೋಡೆ ನೋಡಿ. ಪೋಸ್ಟ್ ಕದಲದಿದ್ದರೆ ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬಿಟ್ಟುಬನ್ನಿ.