ಮೊದ್ಲು ಬಸ್ ಹತ್ತೋದು ಕಲೀಲಿ, ಕೆಲಸ ಆಮೇಲೆ

ಪ್ರಶ್ನೆ: ನನ್ನ ಮಗನಿಗೆ 17 ವರ್ಷ, ಬೌದ್ಧಿಕ ವಿಕಲತೆ ಇದೆ. ವಿಶೇಷ ಶಾಲೆಗೆ ಹೋಗ್ತಾನೆ, ಮುಂದಿನ ವರ್ಷದಿಂದ ಇಟ್ಕೊಳ್ಳೋಕಾಗಲ್ಲ ಅಂದಿದಾರೆ. ಹೆಸರು ಬರೀತಾನೆ, ಹೇಳಿದ್ದು ಅರ್ಥ ಆಗುತ್ತೆ, ಲೆಕ್ಕ ಮಾತ್ರ ಬರಲ್ಲ. ಇವನಿಗೆ ಯಾರು ಕೆಲಸ ಕೊಡ್ತಾರೆ ಅನ್ನೋ ಯೋಚನೆಗೆ ರಾತ್ರಿ ನಿದ್ದೆ ಹತ್ತಲ್ಲ.
- ಒಬ್ಬ ತಾಯಿ, ದಾವಣಗೆರೆ

ಉತ್ತರ: ಅಮ್ಮಾ, ನಿಮ್ಮ ಪತ್ರ ಎರಡು ಸಲ ಓದಿದೆ. ಕೆಲಸದ ವಿಷ್ಯಕ್ಕೆ ಬರ್ತೀನಿ, ಅದಕ್ಕೆ ಮುಂಚೆ ಒಂದು ಮಾತು ಕೇಳ್ತೀನಿ, ಬೆಳಿಗ್ಗೆ ಅವನ ತಲೆ ಬಾಚೋರು ಯಾರು, ಶರ್ಟಿನ ಗುಂಡಿ ಹಾಕೋರು ಯಾರು, ಅನ್ನ ಕಲಸಿ ಕೊಡೋರು ಯಾರು? ನೀವೇ ಆಗಿದ್ರೆ ಅಲ್ಲಿಂದಲೇ ಶುರು ಮಾಡೋಣ. ಈ ಮಕ್ಕಳ ಜೊತೆ 20 ವರ್ಷದ ಮೇಲಾಯ್ತು ನಾನು, ಕೆಲಸಕ್ಕೆ ಸೇರಿ ತಿಂಗಳೊಳಗೆ ಮನೆಗೆ ವಾಪಸ್ ಬಂದವರಲ್ಲಿ ಕೆಲಸ ಮಾಡೋಕೆ ಬರದೆ ಬಂದವರು ತುಂಬಾ ಕಮ್ಮಿ. ಟೈಮಿಗೆ ಎದ್ದು ಹೊರಡೋಕಾಗಲಿಲ್ಲ, ಟಾಯ್ಲೆಟ್ ಎಲ್ಲಿದೆ ಅಂತ ಕೇಳೋಕೆ ಬಾಯಿ ಬರಲಿಲ್ಲ, ಯಾರೋ ಗದರಿದ್ರು ಅಂತ ಅತ್ಕೊಂಡು ಬಂದ, ಅಮ್ಮ ಇಲ್ದೆ ಬಸ್ ಹತ್ತಲ್ಲ, ಇಂಥವೇ ಜಾಸ್ತಿ.

ಬಸ್ ಅಂದಾಗ ಒಂದು ನೆನಪಾಗುತ್ತೆ. ನಿಮ್ಮ ಮಗನ ವಯಸ್ಸಿನ ಹುಡುಗನಿಗೆ ಒಬ್ಬನೇ ಬಸ್ಸಲ್ಲಿ ಓಡಾಡೋದು ಕಲಿಸ್ತಿದ್ವಿ. ಮೊದಲ ವಾರ ಪಕ್ಕದಲ್ಲೇ ಕೂತೆ, ಎರಡನೇ ವಾರ ಹಿಂದಿನ ಸೀಟಲ್ಲಿ, ಮೂರನೇ ವಾರ ಅದೇ ಬಸ್ಸಲ್ಲಿ ಗುರುತಿಲ್ಲದೋರ ಥರ ದೂರ ನಿಂತೆ, ನಾಲ್ಕನೇ ವಾರ ಬಸ್ಸಿನ ಹಿಂದೆ ಸ್ಕೂಟರಲ್ಲಿ. ಆ ವಾರನೇ ಒಂದಿನ ಅವನು ಒಂದು ಸ್ಟಾಪ್ ಮುಂಚೆ ಇಳಿದುಬಿಟ್ಟ. ಸುತ್ತ ನೋಡಿದ, ಮುಖ ಸಣ್ಣಗಾಯ್ತು, ನನ್ನ ಕೈಕಾಲು ನಡುಗ್ತಿತ್ತು ಆದ್ರೂ ಹೋಗಿ ಕೈ ಹಿಡ್ಕೊಳ್ಳಲಿಲ್ಲ. ಐದು ನಿಮಿಷ ಹಾಗೇ ನಿಂತಿದ್ದು ಆಮೇಲೆ ಜೇಬಿಂದ ನಾವು ಕೊಟ್ಟಿದ್ದ ಅಡ್ರೆಸ್ ಚೀಟಿ ತೆಗೆದು ಬೀಡಾ ಅಂಗಡಿಯವರಿಗೆ ತೋರಿಸಿದ. ಅವರು ಕೈ ಮಾಡಿ ತೋರಿಸಿದ್ರು, ನಡ್ಕೊಂಡು ಬಂದ. ಅವತ್ತಿಂದ ಆ ಹುಡುಗನ ನಡಿಗೆನೇ ಬೇರೆ ಆಯ್ತು ಅಮ್ಮಾ.

ಲೆಕ್ಕ ಬರಲ್ಲ ಅಂದ್ರಲ್ಲ, ಕೂಡೋದು ಕಳೆಯೋದು ಬರ್ಲೇಬೇಕು ಅಂತೇನಿಲ್ಲ. ಹತ್ತರ ನೋಟಿನಲ್ಲಿ ಎಣಿಸೋದು ಕಲಿಸಿ. ಅಂಗಡಿಯವರು 43 ರೂಪಾಯಿ ಅಂದ್ರೆ ನಾಲ್ಕು ನೋಟು ಎಣಿಸಿ ಮೇಲೊಂದು ಸೇರಿಸಿ ಕೊಡೋದು, ಚಿಲ್ಲರೆಗೆ ಕೈ ಚಾಚಿ ನಿಲ್ಲೋದು, ಅಷ್ಟೇ. ದಿನಾ ಹಾಲು ತರೋದಕ್ಕೆ ಅವನನ್ನೇ ಕಳಿಸಿ. ಹಾಲು ಚೆಲ್ಲುತ್ತೆ, ಚಿಲ್ಲರೆ ಮರೆತು ಬರ್ತಾನೆ, ಬೈಬೇಡಿ, ನಾಳೆ ಮತ್ತೆ ಅವನನ್ನೇ ಕಳಿಸಿ.

ಈಗ ಕೆಲಸ. ಯಾವ ಕೆಲಸ ಮಾಡುವಾಗ ಅವನು ತಾನಾಗೇ ಕೂತಿರ್ತಾನೆ ಅಂತ ಒಂದು ತಿಂಗಳು ಗಮನಿಸಿ, ಒಂದೇ ಥರದ ಕೆಲಸ ಮತ್ತೆ ಮತ್ತೆ ಮಾಡೋದು ನಮಗೆ ಬೇಜಾರು, ಕೆಲವು ಮಕ್ಕಳಿಗೆ ಅದೇ ನೆಮ್ಮದಿ. ನಿಮ್ಮೂರಲ್ಲೇ ಅಷ್ಟೊಂದು ಬೆಣ್ಣೆ ದೋಸೆ ಹೋಟೆಲ್ ಇವೆ, ತಟ್ಟೆ ಒರೆಸಿ ಜೋಡಿಸೋದು, ಆಲೂಗಡ್ಡೆ ಸುಲಿಯೋದು, ಪಾರ್ಸಲ್ ಕಟ್ಟೋದು ಇದೆಲ್ಲಾ ಕೆಲಸವೇ. ಹುಬ್ಬಳ್ಳಿಯಲ್ಲಿ 2017ರಲ್ಲಿ ಒಂದು ಕಾಲೇಜ್ ಕ್ಯಾಂಪಸ್ಸಲ್ಲಿ ಶುರುವಾದ ಮಿಟ್ಟಿ ಕೆಫೆಯನ್ನ ನಡೆಸೋರು ಇಂಥ ಮಕ್ಕಳೇ, ಈಗ ಎಷ್ಟೋ ಊರಲ್ಲಿದೆ. ಗಿಡ ಅಂದ್ರೆ ಇಷ್ಟ ಇದ್ರೆ, 1959ರಿಂದ ಬೆಂಗಳೂರಲ್ಲಿರೋ ಎಪಿಡಿ ಅನ್ನೋ ವಿಕಲಚೇತನರ ಸಂಸ್ಥೆಯವರು ತೋಟಗಾರಿಕೆ ತರಬೇತಿ ಕೊಡ್ತಾರೆ. ಕೆಲಸ ಸಿಕ್ಕಿದ ಮೇಲೆ ಮೊದಲ ಎರಡು ವಾರ ಯಾರಾದ್ರೂ ಜೊತೆಗಿದ್ದು ಹೇಳಿಕೊಡ್ಲಿ, ಒಂದು ಕೆಲಸವನ್ನ ಎಂಟು ಹತ್ತು ಹೆಜ್ಜೆ ಮಾಡಿ ಫೋಟೋ ತೆಗೆದು ಗೋಡೆಗೆ ಅಂಟಿಸಿ. ಬಾಯಲ್ಲಿ ಹತ್ತು ಸಲ ಹೇಳೋದಕ್ಕಿಂತ ಆ ಫೋಟೋ ಹೆಚ್ಚು ಕೆಲಸಕ್ಕೆ ಬರುತ್ತೆ.

ಪ್ರಶ್ನೆ: ಮಗಳಿಗೆ ಬರೋ ತಿಂಗಳು 18 ತುಂಬುತ್ತೆ, ಆಟಿಸಂ ಇದೆ. ಕಾಗದ ಪತ್ರ ಏನಾದ್ರೂ ಮಾಡಿಸ್ಬೇಕಾ?
- ಮಂಡ್ಯದ ಓದುಗರು

ಉತ್ತರ: ಯುಡಿಐಡಿ ಕಾರ್ಡ್, ಅಂದ್ರೆ ವಿಕಲಚೇತನರಿಗೆ ಸರ್ಕಾರ ಕೊಡೋ ಗುರುತಿನ ಚೀಟಿ, ಇಲ್ಲದಿದ್ರೆ ಮೊದಲು ಅದು, ಆನ್‌ಲೈನಲ್ಲೇ ಅರ್ಜಿ ಹಾಕಬಹುದು. ಗೊತ್ತಾಗದಿದ್ರೆ ನಿಮ್ಮ ಗ್ರಾಮ ಪಂಚಾಯ್ತಿಯ ಪುನರ್ವಸತಿ ಕಾರ್ಯಕರ್ತರನ್ನ ಕೇಳಿ, ವಿಆರ್‌ಡಬ್ಲ್ಯೂ ಅಂತಾರಲ್ಲ ಅವರು. 18 ಆದ್ಮೇಲೆ ಅಪ್ಪ ಅಮ್ಮ ಕಾನೂನಿನ ಪ್ರಕಾರ ತಾವಾಗೇ ಪೋಷಕರಾಗಿ (ಗಾರ್ಡಿಯನ್) ಮುಂದುವರಿಯಲ್ಲ ಅನ್ನೋದು ಎಷ್ಟೋ ಜನಕ್ಕೆ ಬ್ಯಾಂಕಿಗೆ ಹೋದಾಗಲೇ ಗೊತ್ತಾಗೋದು. ಆಟಿಸಂ ಇರೋರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಪ್ರಕಾರ ಜಿಲ್ಲಾಧಿಕಾರಿಗಳಿರೋ ಸ್ಥಳೀಯ ಸಮಿತಿಯಿಂದ ಪೋಷಕರ ನೇಮಕ ಮಾಡಿಸ್ಕೋಬಹುದು. ಆದ್ರೆ ಅರ್ಜಿ ಹಾಕೋ ಮೊದಲು ಯೋಚನೆ ಮಾಡಿ, ಯಾವ ವಿಷಯದಲ್ಲಿ ಅವಳೇ ತೀರ್ಮಾನ ತಗೋಬಲ್ಲಳು ಅಂತ. ಅವಳ ಹೆಸರಲ್ಲೇ ಅಕೌಂಟ್ ಮಾಡಿಸಿ, ಸಹಿ ಹಾಕೋದು ಕಲಿಸಿ. ಬಟ್ಟೆ ತರುವಾಗ ಎರಡು ತೋರಿಸಿ ಯಾವುದು ಬೇಕು ಅಂತ ಕೇಳಿ, ತೀರ್ಮಾನ ತಗೊಳ್ಳೋದು ಅಲ್ಲಿಂದಲೇ ರೂಢಿಯಾಗೋದು.

ಪ್ರಶ್ನೆ: ನಂಗೆ 22, ಬಿ.ಕಾಂ ಆಗಿದೆ, ದೃಷ್ಟಿ ತುಂಬಾ ಕಡಿಮೆ. ಬೆಂಗಳೂರಿಗೆ ಹೋಗಿ ಕಂಪ್ಯೂಟರ್ ಟ್ರೈನಿಂಗ್ ತಗೋತೀನಿ ಅಂದ್ರೆ ಮನೇಲಿ ಬೇಡ ಅಂತಾರೆ. ನೀನು ದುಡಿದು ಆಗ್ಬೇಕಾಗಿದ್ದೇನಿದೆ ಅಂತಾರೆ.
- ಗದಗದ ಯುವತಿ

ಉತ್ತರ: ಆ ಮಾತು ಪ್ರೀತಿಯಿಂದಲೇ ಬಂದಿರುತ್ತೆ ಪುಟ್ಟಾ, ಆದ್ರೂ ಅದು ತಪ್ಪು ಮಾತು, ಇದನ್ನ ನಿಮ್ಮ ಅಪ್ಪ ಅಮ್ಮನಿಗೂ ಓದಿ ಹೇಳು. ಒಂದೇ ಸಲ ಬೆಂಗಳೂರು ಅನ್ಬೇಡ. ಮೂರು ತಿಂಗಳು ಮನೇಲಿದ್ದೇ ಎನ್‌ವಿಡಿಎ ಕಲಿ, ಪರದೆ ಮೇಲಿರೋದನ್ನ ಓದಿ ಹೇಳೋ ಸಾಫ್ಟ್‌ವೇರ್ ಅದು, ದುಡ್ಡು ಕೊಡಬೇಕಾಗಿಲ್ಲ. ಬ್ಯಾಂಕ್ ಪರೀಕ್ಷೆಗೆ ಓದೋಕೆ ಶುರು ಮಾಡು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪ್ರಕಾರ ಸರ್ಕಾರಿ ಕೆಲಸದಲ್ಲಿ 4% ಮೀಸಲಾತಿ ಇದೆ, ಅದರಲ್ಲಿ ದೃಷ್ಟಿ ದೋಷ ಇರೋರಿಗೆ 1%, ಸರ್ಟಿಫಿಕೇಟಲ್ಲಿ ವಿಕಲತೆ 40% ಅಥವಾ ಹೆಚ್ಚು ಅಂತ ಇರ್ಬೇಕು. ಬ್ಯಾಂಕ್ ಪರೀಕ್ಷೆಲಿ ಬರೆಯೋಕೆ ಸಹಾಯಕರು ಸಿಗ್ತಾರೆ, ಗಂಟೆಗೆ 20 ನಿಮಿಷ ಹೆಚ್ಚಿಗೆ ಟೈಮೂ ಸಿಗುತ್ತೆ. ಆಮೇಲೆ ಅಪ್ಪನ್ನ ಜೊತೆಗೆ ಕರ್ಕೊಂಡು ಒಂದಿನ ಬೆಂಗಳೂರಿಗೆ ಹೋಗಿ ಬಾ, ಸಮರ್ಥನಂ, ಎನೇಬಲ್ ಇಂಡಿಯಾ ಎರಡೂ ಕಡೆ, ವಿಕಲಚೇತನರಿಗೆ ಕೆಲಸದ ತರಬೇತಿ ಕೊಡೋ ಸಂಸ್ಥೆಗಳು ಅವು. ಸಮರ್ಥನಂ 1997ರಲ್ಲಿ ಕಟ್ಟಿದ ಮಹಾಂತೇಶ್ ಕಿವಡಸಣ್ಣವರ್ ಅವರಿಗೇ ಕಣ್ಣು ಕಾಣಲ್ಲ. ನಿನ್ನಂಥ ಹುಡುಗಿಯರು ಅಲ್ಲಿ ಪಟಪಟ ಟೈಪ್ ಮಾಡ್ತಾ ಕೂತಿರೋದನ್ನ ಅಪ್ಪ ಕಣ್ಣಾರೆ ನೋಡ್ಲಿ. ನಾನು ಎಷ್ಟೇ ಬರೆದ್ರೂ ಅದರಷ್ಟು ಕೆಲಸ ಮಾಡಲ್ಲ.

ಪ್ರಶ್ನೆ: ಬೇಕರಿ ಇಟ್ಕೊಂಡಿದೀನಿ. ಕಿವಿ ಕೇಳದ ಹುಡುಗ ಒಬ್ಬ ಕೆಲಸ ಕೇಳ್ತಿದಾನೆ. ಕೊಡೋ ಮನಸ್ಸಿದೆ, ಹೇಗೆ ಮಾತಾಡ್ಲಿ?
- ಹಾಸನ

ಉತ್ತರ: ಕೊಡಿ ಸಾರ್. ಒಂದು ವೈಟ್ ಬೋರ್ಡ್ ತಂದಿಡಿ, ಓವನ್ ಟೈಮರಿಗೆ ಲೈಟ್ ಹಾಕಿಸಿ, ಹಿಂದಿಂದ ಕರೆಯೋ ಬದಲು ಎದುರಿಗೆ ಹೋಗಿ ಕೈ ಬೀಸಿ. ಭಾರತೀಯ ಸಂಜ್ಞಾ ಭಾಷೆಯ ಸರ್ಕಾರಿ ನಿಘಂಟಲ್ಲಿ 10,000 ಪದ ಇವೆ, ಯೂಟ್ಯೂಬಲ್ಲೇ ವಿಡಿಯೋ ಸಿಗುತ್ತೆ. ಬ್ರೆಡ್ಡು, ಬಿಸಿ, ನಿಲ್ಸು, ಎಷ್ಟು, ಚೆನ್ನಾಗಿದೆ ಹೀಗೆ ದಿನಕ್ಕೆ ಎರಡು ಪದ ಕಲೀರಿ, ಬೇಕರಿಯ ಹುಡುಗರೂ ಕಲೀಲಿ, ತಿಳೀದಿದ್ದನ್ನ ಅವನೇ ಕಲಿಸ್ತಾನೆ. ಒಂದು ಮಾತು, ಪಾಪ ಅಂತ ಕಮ್ಮಿ ಕೆಲಸ ಕೊಡ್ಬೇಡಿ, ಪಾಪ ಅಂತ ಕಮ್ಮಿ ಸಂಬಳನೂ ಕೊಡ್ಬೇಡಿ. ಉಳಿದವರಿಗೆ ಎಷ್ಟೋ ಅವನಿಗೂ ಅಷ್ಟೇ, ತಿಂಗಳ ಕೊನೆಗೆ ಅವನ ಅಪ್ಪನ ಕೈಗಲ್ಲ, ಅವನ ಅಕೌಂಟಿಗೇ ಹಾಕಿ.