ಏರ್‌ಪೋರ್ಟಿನಿಂದ ಹಾಸನಕ್ಕೆ: ಮೆಜೆಸ್ಟಿಕ್ ತಪ್ಪಿಸಲು ಹೋಗಿ ನಾನು ಪಟ್ಟ ಪಾಡು

ರಾತ್ರಿ ಒಂಬತ್ತಕ್ಕೆ ದೇವನಹಳ್ಳಿ ಏರ್‌ಪೋರ್ಟಿನಲ್ಲಿ ಇಳಿದು, ಕಾರಿಲ್ಲದೆ, ಕಡಿಮೆ ದುಡ್ಡಿನಲ್ಲಿ, ಮೆಜೆಸ್ಟಿಕ್‌ಗೆ ಹೋಗಿ ಸುತ್ತು ಹಾಕದೆ ಹಾಸನ ಸೇರುವುದು ಹೇಗೆ ಅಂತ ಕೇಳಿದ್ದೀರಿ. ಆ ಕೊನೆಯ ಷರತ್ತನ್ನು ಮೊದಲು ಬಿಟ್ಟುಬಿಡಿ. ಮೆಜೆಸ್ಟಿಕ್ ತಪ್ಪಿಸಲು ಹೋದವನು ನಾನು. ಹಬ್ಬದ ಹಿಂದಿನ ರಾತ್ರಿ ಜಾಲಹಳ್ಳಿ ಕ್ರಾಸ್‌ನಲ್ಲಿ ಕತ್ತೆತ್ತಿಕೊಂಡು ನಿಂತವನು.

2024ರ ಅಕ್ಟೋಬರ್ 30, ಬುಧವಾರ. ಪುಣೆಯಿಂದ ಬರುತ್ತಿದ್ದೆ. ಮಾರನೆಯ ಬೆಳಿಗ್ಗೆ ನರಕ ಚತುರ್ದಶಿ. ನಮ್ಮ ಮನೆಯಲ್ಲಿ ಆವತ್ತು ಸೂರ್ಯ ಹುಟ್ಟುವ ಮುಂಚೆ ಎಣ್ಣೆ ಸ್ನಾನ ಆಗಲೇಬೇಕು, ಇಲ್ಲದಿದ್ದರೆ ಅಮ್ಮ ವರ್ಷಪೂರ್ತಿ ಎತ್ತಿ ಆಡುತ್ತಾರೆ. ಮಧ್ಯಾಹ್ನದ ವಿಮಾನ ಇತ್ತು. ಸಂಜೆಯದ್ದು ಒಂಬೈನೂರು ರೂಪಾಯಿ ಕಡಿಮೆ ಅಂತ ಅದನ್ನೇ ಹಿಡಿದೆ. ಇಳಿದಾಗ ಎಂಟೂ ಕಾಲು. ಬ್ಯಾಗು ಕೈಗೆ ಬರುವಷ್ಟರಲ್ಲಿ ಒಂಬತ್ತು.

ಈಗ ನನ್ನ ಲೆಕ್ಕ ಕೇಳಿ, ನಿಮ್ಮ ಲೆಕ್ಕವೂ ಇದೇ ಇರಬೇಕು. ಏರ್‌ಪೋರ್ಟ್ ಇರುವುದು ಊರಿನ ಉತ್ತರಕ್ಕೆ. ಹಾಸನದ ಬಸ್ಸು ಹೊರಡುವುದು ತುಮಕೂರು ರಸ್ತೆಯಲ್ಲಿ, ನೆಲಮಂಗಲದವರೆಗೆ ಹೋಗಿ ಅಲ್ಲಿ ಎಡಕ್ಕೆ ತಿರುಗಿ ಕುಣಿಗಲ್ ದಾರಿ ಹಿಡಿಯುತ್ತದೆ. ಮ್ಯಾಪ್ ತೆಗೆದು ನೋಡಿದರೆ ಮೆಜೆಸ್ಟಿಕ್‌ಗೆ ಹೋಗುವುದು ಸುಮ್ನೆ ಊರೊಳಗೆ ನುಗ್ಗಿ ವಾಪಸ್ ಬಂದ ಹಾಗೆ. ಹೆಬ್ಬಾಳದಲ್ಲಿ ಇಳಿದು, ರಿಂಗ್ ರೋಡ್ ಬಸ್ಸಿನಲ್ಲಿ ಗೊರಗುಂಟೆಪಾಳ್ಯ ಸೇರಿ, ಅಲ್ಲಿ ಹಾಸನದ ಬಸ್ಸು ಹತ್ತಿದರೆ ಒಂದು ಗಂಟೆಯಾದರೂ ಉಳಿಯುತ್ತದೆ. ಹಗಲಲ್ಲಿ, ಒಂದೇ ಬ್ಯಾಗ್ ಇದ್ದರೆ, ಇದು ಒಳ್ಳೆಯ ದಾರಿಯೇ. ನಾನೂ ಹಾಗೇ ಮಾಡಿದೆ. ವಾಯುವಜ್ರ ಅನ್ನುವ ಏರ್‌ಪೋರ್ಟ್ ಬಸ್ಸಿನಲ್ಲಿ ಹೆಬ್ಬಾಳ, ಅಲ್ಲಿ ಫ್ಲೈಓವರ್ ಕೆಳಗೆ ಟ್ರಾಲಿ ಎಳೆದುಕೊಂಡು ಆಚೆ ಬದಿಗೆ, ಆಮೇಲೆ ರಿಂಗ್ ರೋಡ್ ಬಸ್ಸು. ಹತ್ತು ಗಂಟೆ ದಾಟಿ ಸ್ವಲ್ಪ ಹೊತ್ತಿಗೆ ಗೊರಗುಂಟೆಪಾಳ್ಯದಲ್ಲಿದ್ದೆ.

ಅಲ್ಲಿ ಜಾತ್ರೆ. ದೀಪಾವಳಿ ಒಂದು ಕಡೆ. ಇನ್ನೊಂದು ಕಡೆ ಹಾಸನಾಂಬೆ. ವರ್ಷಕ್ಕೊಂದೇ ಸಲ ಬಾಗಿಲು ತೆಗೆಯುವ ದೇವಸ್ಥಾನ, ಆ ವರ್ಷ ಅಕ್ಟೋಬರ್ 24ಕ್ಕೆ ತೆಗೆದು ನವೆಂಬರ್ 3ಕ್ಕೆ ಮುಚ್ಚಿದ್ದು. ಆ ದಿನಗಳಲ್ಲಿ ಹಾಸನದವರು ಊರಿಗೆ ಹೋಗುವುದೇ ಕಷ್ಟ, ಬೆಂಗಳೂರಿನ ಅರ್ಧ ಜನ ಹಾಸನದ ಬಸ್ಸಿನಲ್ಲಿರುತ್ತಾರೆ. ಸ್ಟಾಪಿನಲ್ಲಿ ಕಾಲಿಡಲು ಜಾಗ ಇರಲಿಲ್ಲ.

ಆಗ ನನ್ನ ತಲೆಗೆ ಆ ಬುದ್ಧಿವಂತಿಕೆ ಬಂತು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇವತ್ತಿಗೂ ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಳ್ಳುತ್ತಿರುತ್ತೇನೆ. ಪುಣೆಗೆ ಹೋಗುವ ಮುಂಚೆ, 2022ರಿಂದ 2024ರ ಜೂನ್‌ವರೆಗೆ, ನಾನು ದಾಸರಹಳ್ಳಿಯಲ್ಲಿ ರೂಮ್ ಮಾಡಿಕೊಂಡಿದ್ದೆ. ಪೀಣ್ಯ, ದಾಸರಹಳ್ಳಿ ಕಡೆ ಹಾಸನದವರು ಎಷ್ಟು ಜನ ಇದ್ದಾರೆ ಅಂದರೆ, ಅಲ್ಲಿ ಅಂಗಡಿಯಲ್ಲಿ ನಿಂತು ಯಾರ ಊರು ಕೇಳಿದರೂ ಅರಕಲಗೂಡೋ ಹೊಳೆನರಸೀಪುರವೋ ಅನ್ನುತ್ತಾರೆ. ಊರಿಗೆ ಹೋಗುವಾಗ ನಾನು ಬಸ್ಸು ಹತ್ತುತ್ತಿದ್ದದ್ದು ಜಾಲಹಳ್ಳಿ ಕ್ರಾಸ್‌ನಲ್ಲಿ. ಎರಡು ವರ್ಷ, ಒಂದು ಸಲವೂ ಬಸ್ಸು ತಪ್ಪಿರಲಿಲ್ಲ. ಹಾಗಾಗಿ ಆವತ್ತೂ ಅಂದುಕೊಂಡೆ: ಇಷ್ಟು ಜನರ ಮಧ್ಯೆ ಯಾಕೆ, ಮೆಟ್ರೋದಲ್ಲಿ ಮೂರು ಸ್ಟೇಷನ್ ಮುಂದೆ ಹೋಗಿ ನಮ್ಮ ಹಳೇ ಸ್ಟಾಪಿನಲ್ಲೇ ನಿಲ್ಲೋಣ. ಗೊರಗುಂಟೆಪಾಳ್ಯ ಬಿಟ್ಟರೆ ಪೀಣ್ಯ, ಪೀಣ್ಯ ಇಂಡಸ್ಟ್ರಿ, ಆಮೇಲೆ ಜಾಲಹಳ್ಳಿ. ಇಳಿದೆ. ಸ್ಟಾಪಿನಲ್ಲಿ ನಾಲ್ಕೇ ಜನ ಇದ್ದರು. ಖುಷಿಯಾಯಿತು. ನಾಲ್ಕೇ ಜನ ಯಾಕಿದ್ದಾರೆ ಅಂತ ಯೋಚಿಸಬೇಕಿತ್ತು.

ಹತ್ತೂವರೆ ಆಯಿತು. ಹತ್ತೂ ಮುಕ್ಕಾಲು. ತುಮಕೂರಿನ ಒಂದೆರಡು ಬಸ್ಸು ಬಂದವು, ನೆಲಮಂಗಲದ ಸಿಟಿ ಬಸ್ಸು ಬಂತು. ಹಾಸನದ್ದು ಇಲ್ಲ, ಧರ್ಮಸ್ಥಳದ್ದು ಇಲ್ಲ, ಮಂಗಳೂರಿನದ್ದೂ ಇಲ್ಲ. ತಲೆಯ ಮೇಲೆ ಮಾತ್ರ ಒಂದೇ ಸಮನೆ ಗುಂಯ್ ಅನ್ನುವ ಸದ್ದು. ಫ್ಲೈಓವರ್ ಜಾಯಿಂಟಿನ ಮೇಲೆ ದೊಡ್ಡ ಗಾಡಿ ಹೋದಾಗ ಡಬ್ ಡಬ್ ಅಂತ ಎರಡು ಸಲ ಕೇಳಿಸುತ್ತದಲ್ಲ, ಅದು. ಕತ್ತೆತ್ತಿ ನೋಡಿದರೆ ತಡೆಗೋಡೆಯ ಮೇಲೆ ಬಸ್ಸಿನ ಕಿಟಕಿಗಳ ಸಾಲು ಅಷ್ಟೇ ಕಾಣುತ್ತಿತ್ತು, ಒಳಗೆ ಹಳದಿ ಲೈಟು. ಬೋರ್ಡು ಕಾಣುತ್ತಿರಲಿಲ್ಲ.

ಸೈಕಲ್ ಮೇಲೆ ಫ್ಲಾಸ್ಕ್ ಇಟ್ಟುಕೊಂಡು ಟೀ ಮಾರುವವನೊಬ್ಬ ಇದ್ದ. ನಾನು ಎರಡನೇ ಟೀ ಕೇಳಿದಾಗ, "ಎಲ್ಲಿಗಣ್ಣ?" ಅಂದ. ಹಾಸನ ಅಂದೆ. ನಕ್ಕ.

"ಆ ಬಸ್ಸೆಲ್ಲ ಮೇಲ್ ಹೋಯ್ತವೆ ಕಣಣ್ಣ. ಇಲ್ ನಿಂತ್ಕಂಡ್ರೆ ಏನ್ ಬತ್ತದೆ?"

ಆಮೇಲೆ ಗೊತ್ತಾದ ವಿಷಯ ಇದು. ಪೀಣ್ಯ ಫ್ಲೈಓವರ್ ಕೇಬಲ್ ಹಾಳಾಗಿದೆ ಅಂತ 2021ರ ಡಿಸೆಂಬರ್‌ನಲ್ಲಿ ಮುಚ್ಚಿದರು. ಎರಡು ತಿಂಗಳಿಗೆ ಕಾರು, ಬೈಕಿಗೆ ಬಿಟ್ಟರು, ಬಸ್ಸು ಲಾರಿಗೆ ಬಿಡಲಿಲ್ಲ. ನಾನು ದಾಸರಹಳ್ಳಿಯಲ್ಲಿ ಇದ್ದಷ್ಟು ಕಾಲವೂ ಎಲ್ಲ ಬಸ್ಸುಗಳೂ ಕೆಳಗಿನ ರಸ್ತೆಯಲ್ಲೇ ಬರುತ್ತಿದ್ದದ್ದು ಅದಕ್ಕೆ. ನಾನದನ್ನು ಲೋಕದ ನಿಯಮ ಅಂದುಕೊಂಡಿದ್ದೆ. ಭಾರಿ ವಾಹನಗಳಿಗೆ ಮತ್ತೆ ಮೇಲೆ ಬಿಟ್ಟದ್ದು 2024ರ ಜುಲೈ ಕೊನೆಗೆ, ನಾನು ಪುಣೆಗೆ ಹೋದ ತಿಂಗಳೊಪ್ಪತ್ತಿನಲ್ಲಿ.

ಅದಾದ ಮೇಲೂ ನಾನೊಂದು ಸಲ ಊರಿಗೆ ಬಂದಿದ್ದೆ ಅಲ್ವಾ, ಆಗ ಯಾಕೆ ಗೊತ್ತಾಗಲಿಲ್ಲ? ಗಣೇಶನ ಹಬ್ಬಕ್ಕೆ ಬಂದಿದ್ದೆ, ಸೆಪ್ಟೆಂಬರ್ 6ರ ರಾತ್ರಿ. ಇದೇ ಜಾಲಹಳ್ಳಿ ಕ್ರಾಸ್, ಹತ್ತೇ ನಿಮಿಷಕ್ಕೆ ಬಸ್ಸು ಸಿಕ್ಕಿತ್ತು. ಆವತ್ತು ಶುಕ್ರವಾರ. ಭಾರಿ ವಾಹನಗಳಿಗೆ ಫ್ಲೈಓವರ್ ಬಿಟ್ಟಾಗ ಒಂದು ಷರತ್ತು ಹಾಕಿದ್ದರು: ಶುಕ್ರವಾರ ಬೆಳಿಗ್ಗೆ 6ರಿಂದ ಶನಿವಾರ ಬೆಳಿಗ್ಗೆ 6ರವರೆಗೆ ಬಿಡುವುದಿಲ್ಲ. ಅದೊಂದು ದಿನ ಬಸ್ಸುಗಳು ಕೆಳಗೆ ಬರುತ್ತಿದ್ದವು. ವಾರದ ಏಳು ದಿನದಲ್ಲಿ ನಾನು ಬಂದು ಪರೀಕ್ಷೆ ಮಾಡಿದ್ದು ಆ ಒಂದೇ ದಿನ. ದೀಪಾವಳಿ ಮುಗಿಸಿ ವಾಪಸ್ ಹೋಗುವಾಗ ಕಂಡಕ್ಟರ್ ಇದನ್ನು ಹೇಳಿದ ಮೇಲೆ ಕ್ಯಾಲೆಂಡರ್ ತೆಗೆದು ನೋಡಿದೆ. ಹಣೆ ಚಚ್ಚಿಕೊಳ್ಳುವುದೊಂದು ಬಾಕಿ.

ಮೂರು ಸ್ಟೇಷನ್ ಹಿಂದೆ ಗೊರಗುಂಟೆಪಾಳ್ಯದಲ್ಲೇ ನಿಂತಿದ್ದರೆ ಆಗುತ್ತಿತ್ತು. ಬಸ್ಸು ಫ್ಲೈಓವರ್ ಹತ್ತುವ ಮುಂಚೆ ಸಿಗುವ ಸ್ಟಾಪ್ ಅದು. ಜನ ಸುಮ್ನೆ ಅಲ್ಲಿ ಗುಂಪು ಕಟ್ಟಿರಲಿಲ್ಲ. ಆಟೋದವನಿಗೆ ಇನ್ನೂರು ಕೊಟ್ಟು ವಾಪಸ್ ಅಲ್ಲಿಗೇ ಹೋದೆ. ಅಷ್ಟರಲ್ಲಿ ಹನ್ನೊಂದೂವರೆ. ಬಂದ ಬಸ್ಸೆಲ್ಲ ಬಾಗಿಲವರೆಗೆ ಭರ್ತಿ. ಮೆಜೆಸ್ಟಿಕ್‌ನಲ್ಲೇ ತುಂಬಿ ಬಂದವು. ಒಂದು ಬಸ್ಸು ನಿಧಾನ ಮಾಡಿತು, ಮೆಟ್ಟಿಲಲ್ಲಿ ನಿಂತ ಹುಡುಗ ನನ್ನ ಟ್ರಾಲಿ ನೋಡಿ ಅಯ್ಯೋ ಅನ್ನುವ ಹಾಗೆ ಕೈಯಾಡಿಸಿದ, ಬಸ್ಸು ಹೊರಟೇ ಹೋಯಿತು.

ಹನ್ನೆರಡೂವರೆಗೆ ಸೋತೆ. "ಹಾಸನ ಹಾಸನ" ಅಂತ ಕೂಗುತ್ತಿದ್ದ ಒಂದು ವೈಟ್ ಬೋರ್ಡ್ ಕಾರಿಗೆ ಸಾವಿರದ ಇನ್ನೂರು ಕೊಟ್ಟು ಹತ್ತಿದೆ. ಒಟ್ಟು ಎಂಟು ಜನ. ಹಿಂದಿನ ಸೀಟಿನಲ್ಲಿ ನನ್ನ ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು, ತೊಡೆಯ ಮೇಲೆ ಮನೆಗೆ ತಂದಿದ್ದ ಬಾಕರವಡಿ ಡಬ್ಬ. ಯಡಿಯೂರು ದಾಟಿದ ಮೇಲೆ ಟಯರ್ ಪಂಕ್ಚರ್. ಸ್ಟೆಪ್ನಿಯಲ್ಲಿ ಗಾಳಿ ಇಲ್ಲ. ಬೆಳ್ಳೂರು ಕ್ರಾಸ್‌ವರೆಗೆ ಹೋಗಿ ಅಂಗಡಿಯವನನ್ನು ಎಬ್ಬಿಸಿ ಕರೆತರುವಷ್ಟರಲ್ಲಿ ಒಂದೂವರೆ ಗಂಟೆ ಹೋಯಿತು. ಈ ಥರ ಕಾರುಗಳನ್ನು ಹತ್ತಲೇಬೇಡಿ. ಬಾಡಿಗೆಗೆ ಓಡಿಸಲು ಪರ್ಮಿಟ್ ಇರುವುದಿಲ್ಲ, ಏನಾದರೂ ಆದರೆ ಇನ್ಶೂರೆನ್ಸ್ ಸಿಗುವ ಭರವಸೆ ಇಲ್ಲ. ನನಗೂ ಗೊತ್ತಿತ್ತು. ಆ ಹೊತ್ತಿನಲ್ಲಿ ಗೊತ್ತಿರುವುದು ಉಪಯೋಗಕ್ಕೆ ಬರುವುದಿಲ್ಲ.

ಮನೆ ಮುಟ್ಟಿದಾಗ ಐದೂ ಮುಕ್ಕಾಲು. ಹಂಡೆ ಒಲೆಯ ಹೊಗೆ ಬೀದಿವರೆಗೆ ಬಂದಿತ್ತು. ಅಮ್ಮ ಎಣ್ಣೆ ಬಟ್ಟಲು ಹಿಡಿದು ಬಾಗಿಲಲ್ಲೇ ನಿಂತಿದ್ದರು. "ಮೊದ್ಲು ತಲೆ ಕೊಡು, ಕಥೆ ಆಮೇಲ್ ಹೇಳುವಂತೆ" ಅಂದರು. ಶೂ ಬಿಚ್ಚುವ ಮುಂಚೆ ನೆತ್ತಿಗೆ ಎಣ್ಣೆ ಬಿತ್ತು.

ಈಗ ನಿಮ್ಮ ವಿಷಯ. ಮೆಜೆಸ್ಟಿಕ್‌ಗೇ ಹೋಗಿ. ಏರ್‌ಪೋರ್ಟಿನಿಂದ ಕೆಐಎ-9 ನಂಬರಿನ ವಾಯುವಜ್ರ ನೇರ ಅಲ್ಲಿಗೆ ಹೋಗುತ್ತದೆ. ಕೊನೇ ಸ್ಟಾಪ್, ಹಾಗಾಗಿ ನಿದ್ದೆ ಬಂದರೂ ಚಿಂತೆ ಇಲ್ಲ. ಇಳಿದು ಕೆಎಸ್‌ಆರ್‌ಟಿಸಿ ನಿಲ್ದಾಣಕ್ಕೆ ನಡೆದುಕೊಂಡು ಹೋಗಬಹುದು. ಅಲ್ಲಿ ಹಾಸನ ಅಂತ ಬೋರ್ಡ್ ಇರುವ ಬಸ್ಸಿಗೇ ಕಾಯಬೇಡಿ. ಧರ್ಮಸ್ಥಳ, ಸಕಲೇಶಪುರ, ಪುತ್ತೂರು, ಸುಬ್ರಹ್ಮಣ್ಯ, ಹೆಚ್ಚಿನವಕ್ಕೆ ಹಾಸನವೇ ದಾರಿ. ಹತ್ತುವ ಮುಂಚೆ "ಹಾಸನ ಬಸ್ ಸ್ಟ್ಯಾಂಡ್ ಒಳಗೆ ಹೋಗುತ್ತಾ?" ಅಂತ ಒಂದು ಮಾತು ಕೇಳಿ. ಕೆಲವು ದೂರದ ಬಸ್ಸುಗಳು ಬೈಪಾಸ್‌ನಲ್ಲೇ ಇಳಿಸಿ ಹೋದರೆ ಮೂರು ಗಂಟೆ ರಾತ್ರಿಯಲ್ಲಿ ಆಟೋಗೆ ಬೇಡಬೇಕಾಗುತ್ತದೆ. ಮುಖ್ಯ ವಿಷಯ ಸೀಟು. ಬಸ್ಸು ಹೊರಡುವ ಜಾಗದಲ್ಲಿ ಹತ್ತಿದವನಿಗೆ ಸೀಟು, ನಡುವೆ ಹತ್ತಿದವನಿಗೆ ಕಂಬಿ. 185 ಕಿಲೋಮೀಟರ್ ಕಂಬಿ ಹಿಡಿದು ನೋಡಿ, ಒಂದು ಗಂಟೆ ಉಳಿಸಿದ್ದು ಯಾಕೆ ಬೇಕಿತ್ತು ಅನ್ನಿಸುತ್ತದೆ.

ಖರ್ಚು: ಏರ್‌ಪೋರ್ಟ್ ಬಸ್ಸು ಹೆಚ್ಚುಕಮ್ಮಿ ಮುನ್ನೂರು, ಸಾಮಾನ್ಯ ಕೆಂಪು ಬಸ್ಸೂ ಹೆಚ್ಚುಕಮ್ಮಿ ಅಷ್ಟೇ. ಆರುನೂರರಲ್ಲಿ ಮುಗಿಯಿತು. ನೇರ ಟ್ಯಾಕ್ಸಿಗೆ ನಾಲ್ಕು ಸಾವಿರಕ್ಕಿಂತ ಕಮ್ಮಿ ಯಾರೂ ಕೇಳುವುದಿಲ್ಲ. ನೀವು ಮಹಿಳೆಯಾಗಿದ್ದು ಆಧಾರ್‌ನಲ್ಲಿ ಕರ್ನಾಟಕದ ವಿಳಾಸ ಇದ್ದರೆ, ಶಕ್ತಿ ಯೋಜನೆಯಲ್ಲಿ ಕೆಂಪು ಬಸ್ಸು ಪುಕ್ಕಟೆ. ವಾಯುವಜ್ರಕ್ಕೂ ರಾಜಹಂಸಕ್ಕೂ ಅದು ನಡೆಯುವುದಿಲ್ಲ, ಅಲ್ಲಿ ದುಡ್ಡು ಕೊಡಲೇಬೇಕು.

ಮುಂಗಡ ಬುಕಿಂಗ್ ಮಾಡುವುದಾದರೆ ವಿಮಾನ ಇಳಿಯುವ ಹೊತ್ತಿಗೆ ಮೂರು ಗಂಟೆ ಸೇರಿಸಿ ಲೆಕ್ಕ ಹಾಕಿ. ಒಂಬತ್ತಕ್ಕೆ ಇಳಿದರೆ ಹನ್ನೆರಡರ ಬಸ್ಸು. ಹಬ್ಬ ಇಲ್ಲದ ವಾರದ ನಡುವೆ ಬುಕಿಂಗ್ ಬೇಕಿಲ್ಲ. ಹಬ್ಬ ಅಥವಾ ಹಾಸನಾಂಬೆ ಸಮಯವಾದರೆ ಬೇಕೇ ಬೇಕು, ಹತ್ತುವ ಜಾಗ ಮೆಜೆಸ್ಟಿಕ್ ಅಂತಲೇ ಹಾಕಿ.

ಹಗಲು ವಿಮಾನ ಸಿಕ್ಕರೆ ಮಾತು ಬೇರೆ. ಯಶವಂತಪುರದಿಂದ ಸಂಜೆ ಹಾಸನಕ್ಕೆ ಇಂಟರ್‌ಸಿಟಿ ರೈಲಿದೆ. 2017ರಲ್ಲಿ ಕುಣಿಗಲ್, ಶ್ರವಣಬೆಳಗೊಳದ ಹೊಸ ಹಳಿ ಆದ ಮೇಲೆ ಅರಸೀಕೆರೆ ಸುತ್ತುವ ತಾಪತ್ರಯ ತಪ್ಪಿತು. ಬಸ್ಸಿಗಿಂತ ಅಗ್ಗ, ಬೆನ್ನಿಗೂ ಸುಖ. ಮುಂಬೈ, ದುಬೈ ಕಡೆಯಿಂದ ಬರುವವರು ಮಂಗಳೂರಿನ ಬಜ್ಪೆಯಲ್ಲಿ ಇಳಿದು ಶಿರಾಡಿ ಹತ್ತಿ ಬರುವುದನ್ನೂ ನೋಡಬಹುದು, ಆದರೆ ಮಳೆಗಾಲದಲ್ಲಿ ಆ ಮಾತೇ ಬೇಡ. ಘಾಟಿ ಕುಸಿದರೆ ಸಕಲೇಶಪುರ ನಿಮಗೆ ಮ್ಯಾಪಿನಲ್ಲಿ ಮಾತ್ರ ಕಾಣುತ್ತದೆ. ಹಾಸನದ ಪಕ್ಕದ ನಮ್ಮ ಬೂವನಹಳ್ಳಿಯಲ್ಲಿ ಏರ್‌ಪೋರ್ಟ್ ಮುಗಿದು ವಿಮಾನ ಇಳಿಯುವ ದಿನ ಬಂದರೆ ಈ ಪುರಾಣವನ್ನೆಲ್ಲ ಅಳಿಸಿಬಿಡುತ್ತೇನೆ.

ಹನ್ನೆರಡರ ಬಸ್ಸು ಹಿಡಿದರೆ ಹಾಸನದಲ್ಲಿ ನಾಲ್ಕರ ಸುಮಾರಿಗೆ ಇಳಿಯುತ್ತೀರಿ. ಆ ಹೊತ್ತಿಗೆ ಆಟೋದವರು ಬಾಯಿಗೆ ಬಂದಷ್ಟು ಕೇಳುತ್ತಾರೆ. ಬಸ್ ಸ್ಟ್ಯಾಂಡಿನಲ್ಲೇ ಒಂದು ಕಾಫಿ ಕುಡಿದು ಬೆಳಕು ಹರಿಯುವವರೆಗೆ ಕೂತಿರಿ. ಒಂದು ಸ್ವೆಟರ್ ಬ್ಯಾಗಿನ ಮೇಲ್ಗಡೆ ಇಟ್ಟುಕೊಂಡಿರಿ, ತಳಕ್ಕೆ ಹಾಕಬೇಡಿ.