ಟ್ರ್ಯಾಕ್ಟರ್ ಗಾಲಿಯಲ್ಲಿ ನೀರೆಷ್ಟಿದೆ?

ಪ್ರಶ್ನೆ: ನಮ್ಮದು 45 ಎಚ್‌ಪಿ ಟ್ರ್ಯಾಕ್ಟರ್. ಹಿಂದಿನ ಟೈರು 13.6-28, ಟ್ಯೂಬ್ ಇರುವಂಥವು. ಭಾರ ಹೆಚ್ಚಿ ಹಿಡಿತ ಸಿಗಲೆಂದು ಎರಡಕ್ಕೂ ನೀರು ತುಂಬಿಸಿದ್ದೆವು. ಆಮೇಲೆ ಬಲಗಾಲಿ ಒಮ್ಮೆ ಪಂಚರ್ ಆಯಿತು. ಈಗ ಪಲ್ಟಿ (ಮಣ್ಣು ಮಗುಚುವ ನೇಗಿಲು) ಹೊಡೆಯುವಾಗ ಅದೇ ಗಾಲಿ ಜಾರುತ್ತಿದೆ. ಟೈರ್ ಬಿಚ್ಚದೆ ಒಳಗಿನ ನೀರಿನ ಮಟ್ಟ ನೋಡಬಹುದೆ?
– ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ನೋಡಬಹುದು, ಹತ್ತು ನಿಮಿಷದ ಕೆಲಸ. ನಿಮ್ಮ ಅನುಮಾನಕ್ಕೂ ಕಾರಣವಿದೆ. ಮಣ್ಣನ್ನು ಬಲಕ್ಕೆ ಮಗುಚುವ ಪಲ್ಟಿಯಲ್ಲಿ ಬಲಗಾಲಿ ಸಾಲಿನೊಳಗೆ ಓಡುತ್ತದೆ, ಟ್ರ್ಯಾಕ್ಟರ್ ಅತ್ತ ವಾಲುವುದರಿಂದ ಭಾರವೂ ಅದರ ಮೇಲೇ ಹೆಚ್ಚು. ಜಾರಿದರೆ ಮೊದಲು ಎಡಗಾಲಿ ಜಾರಬೇಕು. ಬಲಗಾಲಿ ಜಾರುತ್ತಿದೆ ಎಂದರೆ, ಟೈರಿನ ಗುಬ್ಬಿ (ಮಣ್ಣು ಹಿಡಿಯುವ ಉಬ್ಬುಪಟ್ಟಿ) ಸವೆದಿರದಿದ್ದರೆ, ಪಂಚರ್ ಹಾಕುವಾಗ ಇಳಿಸಿದ ನೀರನ್ನು ಮತ್ತೆ ತುಂಬಿಲ್ಲ ಎಂದೇ ಹಿಡಿಯಿರಿ.

ಪರೀಕ್ಷೆಗೆ ಅಳತೆಗೋಲು ಬೇಡ, ವಾಲ್ವೇ ಸಾಕು. ವಾಲ್ವ್ ನೀರಿನ ಮಟ್ಟಕ್ಕಿಂತ ಮೇಲಿದ್ದರೆ ಪಿನ್ ಒತ್ತಿದಾಗ ಗಾಳಿ ಬರುತ್ತದೆ, ಕೆಳಗಿದ್ದರೆ ನೀರು ಚಿಮ್ಮುತ್ತದೆ. ಟ್ರ್ಯಾಕ್ಟರನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ವಾಲ್ವ್ ನೆತ್ತಿಗೆ, ಅಂದರೆ ಗಡಿಯಾರದ 12ರ ಜಾಗಕ್ಕೆ ಬರಲಿ. ಎರಡು ನಿಮಿಷ ಬಿಟ್ಟು, ಮುಖ ಪಕ್ಕಕ್ಕಿಟ್ಟುಕೊಂಡು, ಕಡ್ಡಿಯಿಂದ ಪಿನ್ ಒತ್ತಿ. ವಾಲ್ವ್ ಕೊಳವೆಯಲ್ಲಿ ನಿಂತ ನೀರು ಮೊದಲು ಎರಡು ಹನಿ ಉಗುಳುತ್ತದೆ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಎರಡು ಮೂರು ಸೆಕೆಂಡ್ ಒತ್ತಿಹಿಡಿದ ಮೇಲೆ ಏನು ಬರುತ್ತದೋ ಅದೇ ಲೆಕ್ಕ.

ನೆತ್ತಿಯಲ್ಲೇ ಗಾಳಿಯ ಜೊತೆ ನೀರೂ ಬಂದರೆ ಟೈರು ಮುಕ್ಕಾಲು ತುಂಬಿದೆ, ಬೇಕಾದದ್ದೂ ಅಷ್ಟೇ. ಬರೀ ಗಾಳಿ ಬಂದರೆ ಗಾಡಿಯನ್ನು ಒಂದೊಂದೇ ಅಡಿ ಮುಂದೆ ಬಿಡಿ. ಈ ಅಳತೆಯ ಟೈರಿನಲ್ಲಿ ಅಡಿಗೆ ಗಡಿಯಾರದ ಮುಖದ ಒಂದು ಗಂಟೆಯಷ್ಟು ವಾಲ್ವ್ ಕೆಳಗೆ ಸರಿಯುತ್ತದೆ. ಪ್ರತಿ ಸಲ ಪಿನ್ ಒತ್ತಿ ನೋಡಿ. ನೀರು ಮೊದಲು ಸಿಕ್ಕಿದ್ದು ವಾಲ್ವ್ ನೆತ್ತಿಯಿಂದ ಎರಡು ಗಂಟೆಯಷ್ಟು ಇಳಿದಾಗಲಾದರೆ ಸುಮಾರು 25 ಲೀಟರ್ ಕಡಿಮೆ. ವಾಲ್ವ್ ಅಚ್ಚಿನ ಮಟ್ಟಕ್ಕೆ ಬಂದಾಗಲಾದರೆ ಟೈರು ಅರ್ಧ ಮಾತ್ರ ತುಂಬಿದೆ, ಸುಮಾರು 50 ಲೀಟರ್ ಬೇಕು. 13.6-28ರ ಮುಕ್ಕಾಲು ಪಾಲು ಎಂದರೆ ಹೆಚ್ಚುಕಡಿಮೆ 150 ಲೀಟರ್. ಎಡಗಾಲಿಯನ್ನೂ ಹೀಗೇ ನೋಡಿ, ಎರಡೂ ಒಂದೇ ಮಟ್ಟದಲ್ಲಿರಬೇಕು.

ತುಂಬುವಾಗ ಅಚ್ಚಿಗೆ ಜಾಕ್ ಕೊಟ್ಟು, ಮುಂದಿನ ಗಾಲಿಗೆ ಅಡ್ಡ ಕಲ್ಲಿಟ್ಟು, ವಾಲ್ವನ್ನು ನೆತ್ತಿಗೆ ತನ್ನಿ. ಗಾಳಿ ಪೂರ್ತಿ ಇಳಿದ ಮೇಲಷ್ಟೇ ಪಿನ್ ಕೂತಿರುವ ಹಿತ್ತಾಳೆ ಮೂತಿ ಬಿಚ್ಚಿ, ಒತ್ತಡವಿದ್ದಾಗ ಬಿಚ್ಚಿದರೆ ಅದು ಗುಂಡಿನಂತೆ ಹಾರುತ್ತದೆ. ನೀರು ಒಳಹೋಗುತ್ತಾ ಗಾಳಿ ಹೊರಬರುವಂಥ ನಳಿಕೆ ಇದ್ದರೆ ಕೆಲಸ ಸಲೀಸು. ಇಲ್ಲದಿದ್ದರೆ ಸ್ವಲ್ಪ ತುಂಬಿ, ಪೈಪ್ ತೆಗೆದು ಗಾಳಿ ಬಿಟ್ಟು, ಮತ್ತೆ ತುಂಬಬೇಕು. ವಾಲ್ವಿನಿಂದ ನೀರು ಹೊರಚೆಲ್ಲಿದಾಗ ನಿಲ್ಲಿಸಿ. ಅದಕ್ಕಿಂತ ಹೆಚ್ಚು ತುರುಕಿದರೆ ಗಾಳಿಗೆ ಜಾಗ ಉಳಿಯುವುದಿಲ್ಲ, ಟೈರು ಮೆತ್ತಗೆ ಬಾಗುವ ಗುಣ ಕಳೆದುಕೊಂಡು ಕಲ್ಲಿನ ಏಟಿಗೆ ಒಳಪದರ ಹರಿಯುತ್ತದೆ. ಕೊನೆಗೆ ಮೂತಿ ಬಿಗಿದು ಕೈಪಿಡಿಯಲ್ಲಿ ಹೇಳಿದಷ್ಟು ಗಾಳಿ ಹಿಡಿಸಿ, ಹೊಲದ ಕೆಲಸಕ್ಕೆ ಸಾಮಾನ್ಯವಾಗಿ 12ರಿಂದ 14 ಪೌಂಡ್.

ಪ್ರಶ್ನೆ: ನೀರು ತುಂಬಿದ ಗಾಲಿಯ ಗಾಳಿ ಬೇಗ ಇಳಿಯುತ್ತದೆ. ಗೇಜ್ ಕೂಡ ಒಂದೊಂದು ಸಲ ಒಂದೊಂದು ತೋರಿಸುತ್ತದೆ. ಯಾಕೆ?

ಉತ್ತರ: ಒಳಗೆ ಗಾಳಿ ಇರುವುದೇ ಕಾಲು ಭಾಗ. ಬರೀ ಗಾಳಿಯ ಟೈರಿನಲ್ಲಿ ಒಂದು ಪೌಂಡ್ ಇಳಿಸುವ ಸೋರಿಕೆ ಇಲ್ಲಿ ಸುಮಾರು ನಾಲ್ಕು ಪೌಂಡ್ ಇಳಿಸುತ್ತದೆ. ಹಾಗಾಗಿ ವಾರಕ್ಕೊಮ್ಮೆಯಾದರೂ ನೋಡಿ. ಗೇಜಿನ ವ್ಯತ್ಯಾಸಕ್ಕೆ ವಾಲ್ವ್ ಇರುವ ಜಾಗವೇ ಕಾರಣ: ಅದು ಅಡಿಯಲ್ಲಿದ್ದರೆ ಮೇಲಿನ ನೀರಿನ ಭಾರವೂ ಸೇರಿ ಒಂದು ಪೌಂಡ್ ಹೆಚ್ಚು ತೋರಿಸುತ್ತದೆ, ಪ್ರತಿ ಸಲ ಒಂದಿಷ್ಟು ನೀರನ್ನೂ ಕಳೆಯುತ್ತೀರಿ. ಯಾವಾಗಲೂ ನೆತ್ತಿಯಲ್ಲೇ ಅಳೆಯಿರಿ. ಬೈಕಿನ ಗೇಜ್ ಬೇಡ, ನೀರು ಹೊಕ್ಕರೆ ಕೆಡುತ್ತದೆ.

ಪ್ರಶ್ನೆ: ಕಬ್ಬಿನ ಲೋಡ್ ಎಳೆಯುವಾಗ ಮುಂದಿನ ಗಾಲಿ ಏಳುತ್ತದೆ. ಹಿಂದಿನ ಟೈರಿಗೆ ನೀರು ತುಂಬಿದರೆ ನಿಲ್ಲುತ್ತದೆಯೆ?
– ಮಂಡ್ಯ ಜಿಲ್ಲೆ

ಉತ್ತರ: ಇಲ್ಲ. ಮುಂಭಾಗ ಏಳುವಾಗ ಗಾಡಿ ತಿರುಗುವುದೇ ಹಿಂದಿನ ಅಚ್ಚಿನ ಸುತ್ತ. ಆ ಅಚ್ಚಿನ ಮೇಲೇ ಇರುವ ನೀರಿನ ಭಾರ ಮುಂಭಾಗವನ್ನು ಕೆಳಗೆ ಒತ್ತಲಾರದು. ಹಿಡಿತ ಹೆಚ್ಚಿದ್ದರಿಂದ ಏರಿನಲ್ಲಿ ಇನ್ನೂ ಬೇಗ ಎದ್ದೀತು. ಮುಂದೆ ಕಬ್ಬಿಣದ ತೂಕ ಹಾಕಿ, ಲೋಡ್ ಕಡಿಮೆ ಮಾಡಿ, ಟ್ರೇಲರನ್ನು ಕೆಳಗಿನ ಕೊಂಡಿಗೇ ಸಿಕ್ಕಿಸಿ. ವರ್ಷವಿಡೀ ರಸ್ತೆಯಲ್ಲೇ ಓಡುವ ಗಾಡಿಗೆ ನೀರು ದಂಡ: 300 ಕೆ.ಜಿ. ಹೊತ್ತು ಡೀಸೆಲ್ ಸುಡುತ್ತದೆ, ಬ್ರೇಕ್ ಹಿಡಿಯಲೂ ಹೆಚ್ಚು ದೂರ ಬೇಕು.

ಪ್ರಶ್ನೆ: ಭತ್ತದ ಗದ್ದೆ ಕೆಸರು ಮಾಡುವ ಮೊದಲು ನೀರು ತೆಗೆಯಬೇಕೆ? ಹೇಗೆ?
– ಗಂಗಾವತಿ ಕಡೆಯ ರೈತರು

ಉತ್ತರ: ತೆಗೆಯಿರಿ. ಕೇಜ್ ವೀಲ್ (ಕೆಸರಿಗೆ ಹಾಕುವ ಕಬ್ಬಿಣದ ಪಂಜರದಂಥ ಗಾಲಿ) ಹಾಕಿ ಕೆಸರಿಗಿಳಿಯುವ ಗಾಡಿಗೆ ಹೆಚ್ಚಿನ ಭಾರ ಬೇಡ, ಹೂತುಕೊಳ್ಳುತ್ತದೆ. ಜಾಕ್ ಏರಿಸಿ, ವಾಲ್ವ್ ಅಡಿಗೆ ತಂದು, ಗಾಳಿ ಬಿಟ್ಟು, ಮೂತಿ ಬಿಚ್ಚಿದರೆ ನೀರು ತಾನಾಗಿ ಹರಿಯುತ್ತದೆ. ಅಲ್ಲಿಗೆ ಖಾಲಿಯಾಯಿತು ಎನ್ನಬೇಡಿ. ವಾಲ್ವ್ ರಿಮ್ಮಿನಲ್ಲಿದೆ, ಅದಕ್ಕಿಂತ ಕೆಳಗಿನ ನೀರು ಅಲ್ಲೇ ನಿಲ್ಲುತ್ತದೆ. 150 ಲೀಟರಿನಲ್ಲಿ ಸುಮಾರು 50 ಲೀಟರ್ ಹೀಗೆ ಉಳಿಯುತ್ತದೆ. ವಾಲ್ವಿನೊಳಗೆ ಸಣ್ಣ ಪೈಪ್ ತಳದವರೆಗೆ ಇಳಿಸಿ, ಪಕ್ಕದಿಂದ ಗಾಳಿ ಕೊಡುವ ನಳಿಕೆ ಪಂಚರ್ ಅಂಗಡಿಯಲ್ಲಿ ಇದ್ದರೆ ಆ ನೀರನ್ನೂ ತೆಗೆಯಬಹುದು. ತೆಗೆಯದೆ ಗಾಲಿ ಬಿಚ್ಚುವುದಾದರೆ ಒಬ್ಬರೇ ಹಿಡಿಯಬೇಡಿ. ಒಳಗಿನ ನೀರು ಓಲಾಡಿ ಗಾಲಿ ಮೈಮೇಲೆ ಬೀಳುತ್ತದೆ.